ಕಪ್ಪು ಬೈಕ್ ಮಂಕಾಗಿದೆಯಾ? ಪಾಲಿಶ್‌ಗೆ ದುಡ್ಡು ಕೊಡುವ ಮುಂಚೆ ಇಷ್ಟು ನೋಡಿ

ಕೋಲಾರದ ಕಡೆ ಕಪ್ಪು ಬೈಕ್ ಇಟ್ಟುಕೊಂಡವರ ದೂರು ಒಂದೇ. ತೊಳೆದರೂ ತೊಳೆದ ಹಾಗೆ ಕಾಣುವುದಿಲ್ಲ. ವಾಟರ್ ಸರ್ವಿಸ್ ಅಂಗಡಿಗೆ ತಗೊಂಡು ಹೋದರೆ ಹುಡುಗ ಟ್ಯಾಂಕ್ ಮೇಲೆ ಒಂದು ಸಲ ಬೆರಳು ಸವರಿ, "ಪೇಂಟ್ ಹೋಗ್ಬಿಟ್ಟಿದೆ ಅಣ್ಣ, ಪಾಲಿಶ್ ಹೊಡಿಸ್ಬಿಡಿ" ಅಂತಾನೆ. ಬಹಳಷ್ಟು ಸಲ ಪೇಂಟ್ ಎಲ್ಲೂ ಹೋಗಿರುವುದಿಲ್ಲ. ಅದರ ಮೇಲೆ ಏನೋ ಕೂತಿರುತ್ತದೆ, ಅಷ್ಟೇ. ಅದು ಏನು ಅಂತ ಗೊತ್ತಿಲ್ಲದೆ ಉಜ್ಜಿದಾಗ ಮಾತ್ರ ಪೇಂಟ್ ನಿಜವಾಗಿಯೂ ಹೋಗುತ್ತದೆ.

ಕಪ್ಪು ಬಣ್ಣ ಬಿಳಿಗಿಂತ ಬೇಗ ಹಾಳಾಗುತ್ತದೆ ಅನ್ನುವುದು ತಪ್ಪು ಲೆಕ್ಕ. ಎರಡರ ಮೇಲೂ ಇರುವುದು ಬಣ್ಣದ ಮೇಲೆ ಹೊಡೆಯುವ ಅದೇ ಪಾರದರ್ಶಕ ಪದರ, ಕ್ಲಿಯರ್ ಕೋಟ್. ಅದರಲ್ಲಿ ಬಿದ್ದ ಸಣ್ಣ ಗೀರು ಬೆಳಕನ್ನು ಚದುರಿಸುತ್ತದೆ. ಬಿಳಿ ಗಾಡಿಯಲ್ಲಿ ಆ ಬೆಳಕು ಬಿಳಿಯಲ್ಲೇ ಕಳೆದುಹೋಗುತ್ತದೆ, ಕಪ್ಪಿನಲ್ಲಿ ಎದ್ದು ಕಾಣುತ್ತದೆ. ನಮ್ಮ ಕಡೆಯ ಕೆಂಪು ಧೂಳು, ಕ್ರಷರ್‌ನ ಬಿಳಿ ಪುಡಿ, ಬೋರ್ ನೀರಿನ ಉಪ್ಪು ಎಲ್ಲವೂ ಕಪ್ಪಿಗಿಂತ ತಿಳಿ ಬಣ್ಣದವೇ. ಹಾಗಾಗಿ ಯಾವುದೂ ಮುಚ್ಚಿಡೋಕಾಗಲ್ಲ.

ದೋಷ ಮೂರು ಜಾಗದಲ್ಲಿ ಇರಬಹುದು: ಕ್ಲಿಯರ್ ಕೋಟ್ ಮೇಲೆ, ಅದರ ಒಳಗೆ, ಅದರ ಅಡಿಯಲ್ಲಿ. ಮೇಲಿದ್ದರೆ ತೊಳೆದು ತೆಗೆಯಬಹುದು. ಒಳಗಿದ್ದರೆ ಪಾಲಿಶ್ ಬೇಕು. ಅಡಿಯಲ್ಲಿದ್ದರೆ ಪಾಲಿಶ್‌ಗೆ ಕೊಟ್ಟ ದುಡ್ಡು ದಂಡ. ಕ್ಲಿಯರ್ ಕೋಟ್ ಸಾಮಾನ್ಯವಾಗಿ 30ರಿಂದ 50 ಮೈಕ್ರಾನ್ ದಪ್ಪ, ಅಂದರೆ ಒಂದು ಮಿಲಿಮೀಟರ್‌ನ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಇರುವುದೇ ಅಪರೂಪ. ಕಾಂಪೌಂಡ್ (ತರಿ ಇರುವ ಪಾಲಿಶ್ ಪೇಸ್ಟ್) ಹಾಕಿ ಉಜ್ಜಿದಾಗೆಲ್ಲ ಇದರಲ್ಲೇ ಸ್ವಲ್ಪ ಸವೆಯುತ್ತದೆ. ಹಬ್ಬಕ್ಕೊಂದು ಸಲ ಪಾಲಿಶ್ ಮಾಡಿಸುವವರ ಗಾಡಿಯ ಟ್ಯಾಂಕ್ ಅಂಚುಗಳು ಮೊದಲು ಬೋಳಾಗುವುದು ಇದಕ್ಕೇ.

ಮೊದಲು ಪತ್ತೆ ಮಾಡಿ

ಗಾಡಿಯನ್ನು ನೆರಳಿಗೆ ತನ್ನಿ. ಟ್ಯಾಂಕ್ ಮೇಲೆ ಅಂಗೈ ಇಡಿ, ಬಿಸಿ ತಡೆಯೋಕಾಗದೆ ಕೈ ತೆಗೆದರೆ ಇನ್ನೂ ತೊಳೆಯುವ ಹೊತ್ತಾಗಿಲ್ಲ. ಆರಿದ ಮೇಲೆ ಬರೀ ನೀರು ಹಾಕಿ ಧೂಳು ಇಳಿಸಿ, ಆಮೇಲೆ ಶಾಂಪೂ ನೀರಲ್ಲಿ ತೊಳೆದು ಒಣಗಿಸಿ. ಕೊಳೆ ಇರುವಾಗ ಮಾಡಿದ ಯಾವ ಪರೀಕ್ಷೆಯೂ ಸರಿ ಉತ್ತರ ಕೊಡಲ್ಲ.

ಈಗ ಮಂಕಾಗಿ ಕಾಣುವ ಜಾಗಕ್ಕೆ ಸ್ವಲ್ಪ ನೀರು ಸವರಿ ನೋಡಿ. ಒದ್ದೆ ಇರುವಷ್ಟು ಹೊತ್ತು ಗೀರು ಮಾಯವಾಗಿ, ಒಣಗಿದ ಮೇಲೆ ಮತ್ತೆ ಬಂದರೆ ಅದು ಕ್ಲಿಯರ್ ಕೋಟ್‌ನ ಮೇಲ್ಪದರದಲ್ಲಿದೆ. ಒದ್ದೆಯಲ್ಲೂ ಹಾಗೇ ಕಂಡರೆ ಆಳವಾಗಿದೆ. ಆಮೇಲೆ ಉಗುರು. ಗೀರಿಗೆ ಅಡ್ಡವಾಗಿ ಮೆಲ್ಲಗೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಯಾವ ಪಾಲಿಶ್‌ನಿಂದಲೂ ಅದು ಪೂರ್ತಿ ಹೋಗಲ್ಲ, ಯಾರು ಏನೇ ಹೇಳಲಿ.

ಮೂರನೆಯದು ನನಗೆ ಇಷ್ಟವಾದ ಪರೀಕ್ಷೆ. ತೆಳುವಾದ ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿ ಟ್ಯಾಂಕ್ ಮೇಲೆ ಸವರಿ. ಬರಿಗೈಗೆ ನುಣ್ಣಗೆ ಅನಿಸಿದ್ದು ಕವರ್ ಒಳಗಿನ ಬೆರಳಿಗೆ ಮರಳು ಮರಳಾಗಿ ಅನಿಸಿದರೆ ಪೇಂಟ್‌ಗೆ ಏನೋ ಕಚ್ಚಿಕೊಂಡಿದೆ ಅಂತ ಅರ್ಥ: ಸಿಮೆಂಟ್ ಧೂಳು, ಡಾಂಬರು, ಗ್ರೈಂಡಿಂಗ್‌ನ ಕಬ್ಬಿಣದ ಕಣ, ಯಾವುದೋ ಒಂದು. ಕೊನೆಗೆ ಮೊಬೈಲ್ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಟ್ಯೂಬ್‌ಲೈಟ್ ಬೆಳಕಲ್ಲಿ ಯಾವ ಗಾಡಿಯೂ ಚೆನ್ನಾಗೇ ಕಾಣುತ್ತದೆ.

ಹಳೇ ಗಾಡಿ, ಅಥವಾ ಎಲ್ಲೋ ಲೋಕಲ್ ಆಗಿ ಪೇಂಟ್ ಮಾಡಿಸಿದ್ದು ಅಂತಾದರೆ ಇನ್ನೊಂದು ನೋಡಬೇಕು. ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಚ್ಚಿ ಮರೆಯಲ್ಲಿರುವ ಒಂದು ಮೂಲೆಯಲ್ಲಿ ಉಜ್ಜಿ. ಬಟ್ಟೆಗೆ ಕಪ್ಪು ಬಣ್ಣ ಹತ್ತಿದರೆ ಅಲ್ಲಿ ಕ್ಲಿಯರ್ ಕೋಟ್ ಇಲ್ಲ, ನೀವು ಬಣ್ಣವನ್ನೇ ಉಜ್ಜುತ್ತಿದ್ದೀರಿ. ಆ ಗಾಡಿಗೆ ಬರೀ ವ್ಯಾಕ್ಸ್ ಸಾಕು.

ಬಿಳಿ ಚುಕ್ಕೆ, ಬಿಳಿ ಉಂಗುರ: ಮೊದಲ ಅನುಮಾನ ನೀರಿನ ಮೇಲೆ

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್ ಇಲ್ಲಿ ಸುದ್ದಿಯೇ ಅಲ್ಲ. ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ಕೂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾ ಎಲ್ಲವನ್ನೂ ಕರಗಿಸಿಕೊಂಡೇ ಮೇಲೆ ಬರುತ್ತದೆ. ಫ್ಲೋರೈಡ್ ಕತೆ ನಿಮಗೆ ಗೊತ್ತೇ ಇದೆ, ಅದು ಹಲ್ಲಿಗೆ ಸಂಬಂಧಪಟ್ಟಿದ್ದು, ಪೇಂಟ್‌ಗಲ್ಲ. ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿದೆ, ಅದು ಒಳ್ಳೆಯದಾ ಕೆಟ್ಟದ್ದಾ ಅನ್ನೋ ಜಗಳ ಟೀ ಅಂಗಡಿಯಲ್ಲಿ ನಡೆಯುತ್ತಲೇ ಇದೆ. ಟ್ಯಾಂಕ್ ಮೇಲಿನ ಚುಕ್ಕೆಗಂತೂ ಅದರಿಂದ ಬಿಡುಗಡೆ ಸಿಕ್ಕಿಲ್ಲ.

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಿಮ್ಮ ಮನೆ ನೀರು ಎಷ್ಟಿದೆ ಅಂತ ತಿಳಿಯಲು ಲ್ಯಾಬ್‌ಗೆ ಓಡಬೇಕಾಗಿಲ್ಲ. ಗೀಸರ್ ಕಾಯಿಲ್‌ಗೆ ಬಿಳಿ ಪೊರೆ ಕಟ್ಟುತ್ತದಾ? ಸೋಪು ನೊರೆ ಬರಲ್ವಾ? ಹಾಗಿದ್ದರೆ ಅದೇ ಪೊರೆ ಗಾಡಿ ಮೇಲೂ ಕಟ್ಟುತ್ತದೆ. ಕಪ್ಪು ಟ್ಯಾಂಕ್ ಬಿಸಿಲಲ್ಲಿ ಬೇಗ ಕಾಯುವುದರಿಂದ ಹನಿ ಜಾರಿ ಬೀಳುವ ಮುಂಚೆಯೇ ಆವಿಯಾಗಿ, ಹನಿಯಲ್ಲಿದ್ದ ಉಪ್ಪೆಲ್ಲ ಉಂಗುರವಾಗಿ ಉಳಿಯುತ್ತದೆ.

ಚುಕ್ಕೆ ಯಾವ ಥರದ್ದು ಅಂತ ಬೆರಳಲ್ಲೇ ತಿಳಿಯುತ್ತದೆ. ಉಬ್ಬಿದ ಹಾಗೆ ತರಿ ತರಿ ಅನಿಸಿದರೆ ಅದು ಮೇಲೆ ಕೂತ ಉಪ್ಪು. ಬಿಳಿ ವಿನೆಗರ್‌ಗೆ ಅಷ್ಟೇ ಫಿಲ್ಟರ್ ನೀರು ಬೆರೆಸಿ, ಮೆತ್ತನೆ ಬಟ್ಟೆ ಅದ್ದಿ, ಆ ಜಾಗದ ಮೇಲೆ ಒಂದು ನಿಮಿಷ ಹೊದಿಸಿಡಿ. ಒತ್ತಿ ಉಜ್ಜಬೇಡಿ. ಒರೆಸಿ, ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಕ್ಯಾಲ್ಸಿಯಂ ಆಗಿದ್ದರೆ ಒಂದೆರಡು ಸಲಕ್ಕೆ ಹೋಗುತ್ತದೆ. ಇದನ್ನು ನೆರಳಲ್ಲೇ ಮಾಡಿ. ಪೇಂಟ್ ಇಲ್ಲದ ಅಲ್ಯೂಮಿನಿಯಂ, ಕ್ರೋಮ್, ಚೈನ್ ಇವುಗಳಿಗೆ ತಾಗಿಸಬೇಡಿ. ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಹಿತ್ತಾಳೆ ಬಿಂದಿಗೆ ತಿಕ್ಕಿದ ಹಾಗೆ ತಿಕ್ಕುವವರೂ ಇದ್ದಾರೆ. ದಯವಿಟ್ಟು ಬೇಡ, ಹುಣಸೆಹಣ್ಣಿನ ನಾರು ಮತ್ತು ಅದರಲ್ಲಿರುವ ಮಣ್ಣೇ ಸಾಕು ಗೀರು ಬೀಳಿಸಲು.

ವಿನೆಗರ್‌ಗೂ ಜಗ್ಗದಿದ್ದರೆ ಎರಡು ಸಾಧ್ಯತೆ. ಒಂದು, ಸಿಲಿಕಾ ಕಲೆ. ಇದು ವಿನೆಗರ್‌ನಂಥ ಮೆದು ಆಮ್ಲಕ್ಕೆ ಕರಗುವುದಿಲ್ಲ. ಇನ್ನೊಂದು, ಉಪ್ಪು ಯಾವಾಗಲೋ ಹೋಗಿ ಅದರ ಜಾಗದಲ್ಲಿ ಕ್ಲಿಯರ್ ಕೋಟ್ ಸಣ್ಣದಾಗಿ ಗುಂಡಿ ಬಿದ್ದಿರುವುದು. ಟಾರ್ಚ್ ಬೆಳಕಲ್ಲಿ ಉಂಗುರ ಕಾಣುತ್ತದೆ, ಬೆರಳಿಗೆ ಏನೂ ಸಿಗಲ್ಲ. ಇವೆರಡಕ್ಕೂ ಪಾಲಿಶ್ ಬೇಕು, ಆ ಜಾಗಕ್ಕೆ ಮಾತ್ರ.

ಮತ್ತೆ ಬರದ ಹಾಗೆ ಮಾಡೋದು ಸುಲಭ. ತೊಳೆಯೋದೆಲ್ಲ ಬೋರ್ ನೀರಲ್ಲೇ ಆಗಲಿ, ಕೊನೆಯ ಸಲ ಹಾಕುವ ನೀರು ಮಾತ್ರ ಊರಿನ ಶುದ್ಧ ನೀರಿನ ಘಟಕದ್ದಾಗಿರಲಿ. ಇಪ್ಪತ್ತು ಲೀಟರ್ ಕ್ಯಾನ್‌ನಲ್ಲಿ ಕಾಲು ಭಾಗ ಸಾಕು. ಕುಡಿಯೋ ನೀರು ಗಾಡಿಗೆ ಹಾಕ್ತೀಯಾ ಅಂತ ಮನೆಯಲ್ಲಿ ಅಮ್ಮ ಬೈದರೆ ಮಳೆ ನೀರು ಹಿಡಿದಿಡಿ, ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆಮೇಲೆ ತಾನಾಗೇ ಒಣಗಲು ಬಿಡದೆ ಮೈಕ್ರೋಫೈಬರ್ ಬಟ್ಟೆ ಹೊದಿಸಿ ನೀರು ಹೀರಿಸಿ.

ಜೇಡರ ಬಲೆಯಂಥ ಗೀರು: ಎರಡನೇ ಅನುಮಾನ ಬಟ್ಟೆಯ ಮೇಲೆ

ಗೀರಿನ ದಿಕ್ಕು ನೋಡಿದರೆ ಯಾರು ಮಾಡಿದ್ದು ಅಂತ ಹೇಳಬಹುದು. ಬಿಸಿಲಲ್ಲಿ ಸೂರ್ಯನ ಪ್ರತಿಬಿಂಬದ ಸುತ್ತ ದುಂಡಗೆ ಬಲೆ ಕಂಡರೆ ಅದು ತೊಳೆಯುವಾಗ, ಒರೆಸುವಾಗ ಬಿದ್ದದ್ದು. ಮುಂದಿನಿಂದ ಹಿಂದಕ್ಕೆ ನೇರ ಗೆರೆಗಳಿದ್ದರೆ ಅದು ಬೆಳಗ್ಗೆ ಆಫೀಸಿಗೆ ಹೊರಡುವ ಅವಸರದಲ್ಲಿ ಒಣ ಬಟ್ಟೆ ಬೀಸಿದ್ದು. ಟ್ಯಾಂಕ್‌ನ ಹಿಂಭಾಗ, ಸೀಟ್‌ಗೆ ಹತ್ತಿರದಲ್ಲಿ ಒಂದೇ ಕಡೆ ಗೀರಿದ್ದರೆ ಬೆಲ್ಟ್ ಬಕಲ್ ಅಥವಾ ಜಾಕೆಟ್ ಜಿಪ್. ಕೀ ಹಾಕುವ ಜಾಗದ ಸುತ್ತ ಅರ್ಧ ಚಂದ್ರದ ಹಾಗಿದ್ದರೆ ಕೀ ಗೊಂಚಲು. ಮನೆ ಕೀ, ಅಂಗಡಿ ಕೀ, ಜೊತೆಗೆ ದೇವರ ಲಾಕೆಟ್, ಎಲ್ಲ ಒಂದೇ ಗೊಂಚಲಲ್ಲಿ ಹಾಕಿ ದಿನವಿಡೀ ಆಡಿಸಿಕೊಂಡು ಓಡಾಡಿದರೆ ಇನ್ನೇನಾಗುತ್ತದೆ? ಟ್ಯಾಂಕ್‌ನ ನೆತ್ತಿ, ಕನ್ನಡಿಯ ಬೆನ್ನು, ಹಿಂದಿನ ಪ್ಯಾನಲ್ ಇಂಥ ಎತ್ತರದ ಜಾಗಗಳಲ್ಲಿ ಮಾತ್ರ ಮಬ್ಬು ಮಬ್ಬಾಗಿ ತೇಯ್ದಿದ್ದರೆ ಬೈಕ್ ಕವರ್ ನೋಡಿ. ಧೂಳು ಇರುವಾಗಲೇ ಕವರ್ ಹಾಕಿ, ಅದು ಗಾಳಿಗೆ ಪಟಪಟ ಅಂತ ರಾತ್ರಿಯಿಡೀ ಬಡಿದರೆ ಕವರ್ರೇ ಮರಳು ಕಾಗದ.

ಗ್ಯಾರೇಜ್‌ಗಳಲ್ಲಿ ಬಳಸುವ ಬನಿಯನ್ ವೇಸ್ಟ್ (ಬಟ್ಟೆ ಚೂರು) ಎಣ್ಣೆ ಒರೆಸೋದಕ್ಕೆ ಸರಿ. ಅದು ನೆಲಕ್ಕೆ ಬಿದ್ದು, ಕಬ್ಬಿಣದ ಪುಡಿ ಹಿಡಿದು, ಆಮೇಲೆ ನಿಮ್ಮ ಟ್ಯಾಂಕ್‌ಗೆ ಬರುತ್ತದೆ. "ಅಣ್ಣ, ಟ್ಯಾಂಕ್ ನಾನೇ ಒರೆಸ್ಕೋತೀನಿ, ನೀವು ಬಿಡಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಧೂಳಿನ ಜಾತಿಯೂ ಮುಖ್ಯ. ಹೊಲದ ಕೆಂಪು ಮಣ್ಣು ಸ್ವಲ್ಪ ಮೆತ್ತಗೆ, ನೀರಿಗೆ ಬೇಗ ಬಿಡುತ್ತದೆ. ಕಲ್ಲು ಕ್ವಾರಿ, ಕ್ರಷರ್ ಇರುವ ರಸ್ತೆಯ ಪುಡಿ ಗ್ರಾನೈಟ್‌ನದು, ಅದರಲ್ಲಿ ಕ್ವಾರ್ಟ್ಜ್ ಇರುತ್ತದೆ. ಕೆಜಿಎಫ್ ಕಡೆಯವರಿಗೆ ಇನ್ನೊಂದು ಕಾಟ. ಗಣಿ 2001ರಲ್ಲೇ ಮುಚ್ಚಿದರೂ ಸೈನೈಡ್ ದಿಬ್ಬಗಳು ಅಲ್ಲೇ ಇವೆ, ಗಾಳಿ ಜೋರಾದರೆ ಆ ಪುಡಿ ಊರ ಮೇಲೆ ಬರುತ್ತದೆ. ಅದು ಚಿನ್ನಕ್ಕಾಗಿ ನುಣ್ಣಗೆ ಅರೆದ ಕಲ್ಲು. ಕ್ವಾರ್ಟ್ಜ್ ನಿಮ್ಮ ಕ್ಲಿಯರ್ ಕೋಟ್‌ಗಿಂತ ಎಷ್ಟೋ ಗಟ್ಟಿ, ಒಣಗಿದ್ದಾಗ ಒರೆಸಿದರೆ ಗೀರು ಗ್ಯಾರಂಟಿ. ಈ ಎರಡೂ ಕಡೆಯವರು ಒಣ ಬಟ್ಟೆ ಅನ್ನೋದನ್ನೇ ಮರೆತುಬಿಡಿ. ನೀರಿಲ್ಲದ ದಿನ ಗಾಡಿ ಧೂಳಲ್ಲೇ ಇರಲಿ, ಏನೂ ಆಗಲ್ಲ.

ಒದ್ದೆ ಪರೀಕ್ಷೆಯಲ್ಲಿ ಮಾಯವಾದ ಗೀರುಗಳಿಗೆ ಸಣ್ಣ ತರಿಯ ಪಾಲಿಶ್ ಕೈಯಲ್ಲೇ ಹಚ್ಚಬಹುದು, ಒಂದು ಅಂಗೈ ಅಗಲದ ಜಾಗ ಮೊದಲು ಮಾಡಿ ನೋಡಿ. ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಫಳಫಳ ಅನಿಸಿ ಕೊಡುವ ಹೊಳಪು ಬಹಳಷ್ಟು ಸಲ ಗೀರಿನೊಳಗೆ ತುಂಬಿದ ಎಣ್ಣೆ, ವ್ಯಾಕ್ಸ್. ನಾಲ್ಕು ಸಲ ತೊಳೆದರೆ ಗೀರು ಮತ್ತೆ ಹಾಜರ್. ಸೆರಾಮಿಕ್ ಕೋಟಿಂಗ್ (ಪೇಂಟ್ ಮೇಲೆ ಹಾಕಿಸುವ ರಕ್ಷಣೆಯ ಲೇಪ) ಕೂಡ ಅಷ್ಟೇ, ಗೀರು ತೆಗೆಯದೆ ಹಾಕಿಸಿದರೆ ಆ ಗೀರನ್ನೇ ಒಳಗಿಟ್ಟು ಬೀಗ ಹಾಕಿದಂತೆ.

ಅಂಟು, ಹಕ್ಕಿ ಹಿಕ್ಕೆ, ಡಾಂಬರು

ತೊಳೆದ ಮರುದಿನವೇ ಟ್ಯಾಂಕ್ ಜಿಗುಟಾಗಿ, ಅದರ ಮೇಲೆ ಧೂಳು ಪದರವಾಗಿ ಕೂತಿದ್ದರೆ ಗಾಡಿ ಎಲ್ಲಿ ನಿಲ್ಲಿಸ್ತೀರಾ ಅಂತ ನೆನಪಿಸಿಕೊಳ್ಳಿ. ಶ್ರೀನಿವಾಸಪುರದ ಕಡೆ ಇದಕ್ಕೆ ಉತ್ತರ ಹುಡುಕಬೇಕಾಗಿಲ್ಲ, ತಲೆ ಎತ್ತಿದರೆ ಮಾವಿನ ಮರ. ಹೂ ಬಿಡುವ ಕಾಲದಲ್ಲಿ ಜಿಗಿಹುಳುಗಳು ರಸ ಹೀರಿ ಸಿಹಿ ಅಂಟು ಉದುರಿಸುತ್ತವೆ, ಎಲೆಗಳ ಮೇಲೆ ಕಪ್ಪು ಬೂಷ್ಟು ಬೆಳೆಯುವುದು ಅದರ ಮೇಲೆಯೇ. ಇದು ಸಕ್ಕರೆ ಅಂಶ, ಉಗುರುಬೆಚ್ಚಗಿನ ಶಾಂಪೂ ನೀರಿಗೆ ಕರಗುತ್ತದೆ. ಸೀಮೆಎಣ್ಣೆ ಬೇಕಾಗಿಲ್ಲ.

ಹಿಕ್ಕೆ ಮಾತ್ರ ಕಾಯಿಸಬಾರದ ಕೆಲಸ. ಬಿಸಿಲಲ್ಲಿ ಕ್ಲಿಯರ್ ಕೋಟ್ ಮೆತ್ತಗಾಗಿ ಹಿಗ್ಗುತ್ತದೆ, ಸಂಜೆ ತಣ್ಣಗಾಗುವಾಗ ಒಣಗಿದ ಹಿಕ್ಕೆಯ ಆಕಾರಕ್ಕೇ ಕುಗ್ಗುತ್ತದೆ. ಆ ಗುರುತು ಆಮೇಲೆ ಉಳಿದುಹೋಗುತ್ತದೆ. ಒದ್ದೆ ಬಟ್ಟೆ ಹೊದಿಸಿ, ನೆನೆಸಿ, ಎತ್ತಿ ತೆಗೆಯಿರಿ. ಕೆರೆಯಬೇಡಿ.

ಹೆದ್ದಾರಿ 75ರಲ್ಲೋ ಹೊಸದಾಗಿ ಡಾಂಬರು ಹಾಕಿದ ಹಳ್ಳಿ ರಸ್ತೆಯಲ್ಲೋ ಓಡಾಡಿದ ಮೇಲೆ ಕೆಳಭಾಗದಲ್ಲಿ ಕಪ್ಪು ಗುಳ್ಳೆಗಳು ಸಿಗುತ್ತವೆ. ಕಪ್ಪು ಗಾಡಿಯಲ್ಲಿ ಕಣ್ಣಿಗೆ ಕಾಣಲ್ಲ, ಪ್ಲಾಸ್ಟಿಕ್ ಕವರ್ ಪರೀಕ್ಷೆಗೆ ಸಿಗುತ್ತವೆ. ಬಟ್ಟೆಗೆ ಚೂರು ಸೀಮೆಎಣ್ಣೆ ಹಾಕಿ ಒತ್ತಿ ಹಿಡಿದು, ಮೆತ್ತಗಾದ ಮೇಲೆ ಒರೆಸಿ, ತಕ್ಷಣ ಶಾಂಪೂ ಹಾಕಿ ತೊಳೆಯಿರಿ. ಪೆಟ್ರೋಲ್ ಬೇಡ. ವೆಲ್ಡಿಂಗ್ ಅಂಗಡಿ ಪಕ್ಕ ನಿಲ್ಲಿಸುವವರ ಗಾಡಿಯಲ್ಲಿ ಟಾರ್ಚ್‌ಗೆ ಕಿತ್ತಳೆ ಬಣ್ಣದ ಸೂಜಿಮೊನೆ ಚುಕ್ಕೆ ಕಂಡರೆ ಅದು ತುಕ್ಕು ಹಿಡಿದ ಕಬ್ಬಿಣದ ಕಣ. ಪೇಂಟ್ ಒಳಗಿಂದ ತುಕ್ಕು ಬಂತು ಅಂತ ಗಾಬರಿ ಬೇಡ, ಕ್ಲೇ ಬಾರ್ ಅಂತ ಜೇಡಿಮಣ್ಣಿನಂಥ ಮೆತ್ತನೆ ಉಂಡೆ ಸಿಗುತ್ತದೆ, ನೀರು ಹಾಕಿಕೊಂಡು ಸವರಿದರೆ ಎದ್ದು ಬರುತ್ತದೆ.

ಆಯುಧ ಪೂಜೆಯ ಮರುದಿನ

ಇದು ನಮ್ಮ ಕಡೆಯ ವಿಶೇಷ ದೋಷ, ಕಂಪನಿ ಕೊಡುವ ಪುಸ್ತಕದಲ್ಲಿ ಇರಲ್ಲ. ವಿಭೂತಿ ಒಣಗಿದ ಮೇಲೆ ಬಟ್ಟೆಯಲ್ಲಿ ಉಜ್ಜಿದರೆ ಸಣ್ಣ ಗೀರು ಬೀಳುತ್ತದೆ, ನೀರು ಹಾಕಿ ಇಳಿಸಿ. ಕುಂಕುಮ ಎಣ್ಣೆಯಲ್ಲಿ ಕಲಸಿದ್ದಾದರೆ ಶಾಂಪೂ ಬೇಕು. ಅರಿಶಿನದ ಕಲೆ ಹೊಳೆಯುವ ಟ್ಯಾಂಕ್‌ಗಿಂತ ತರಿತರಿ ಪ್ಲಾಸ್ಟಿಕ್‌ನಲ್ಲಿ, ಸ್ಟಿಕರ್‌ನಲ್ಲಿ ಜಾಸ್ತಿ ಕಚ್ಚುತ್ತದೆ. ಎಷ್ಟು ತಿಕ್ಕಿದರೂ ಹೋಗದಿದ್ದರೆ ಸುಮ್ನೆ ಬಿಸಿಲಲ್ಲಿ ನಿಲ್ಲಿಸಿ, ಅರಿಶಿನದ ಬಣ್ಣ ಬೆಳಕಿಗೆ ತಾನಾಗೇ ಮಾಸುತ್ತದೆ. ಹಾರವನ್ನು ಅವತ್ತೇ ಸಂಜೆ ತೆಗೆಯಿರಿ. ಹೂವಿನ ಮರೆಯಲ್ಲಿರುವ ತಂತಿ ಗಾಳಿಗೆ ಅಲುಗಾಡಿ ಹೆಡ್‌ಲೈಟ್ ಮೇಲೆ ಕೊರೆಯುತ್ತದೆ, ಮಳೆ ಬಂದರೆ ಚೆಂಡು ಹೂವಿನ ನೀರು ಬೇರೆ ಇಳಿಯುತ್ತದೆ. ಬೂದುಗುಂಬಳದ ತಿರುಳು ಡಿಸ್ಕ್ ಮೇಲೆ ಹಾರಿದ್ದರೆ ಹೊರಡುವ ಮುಂಚೆ ತೊಳೆದುಕೊಳ್ಳಿ.

ಮ್ಯಾಟ್ ಕಪ್ಪು ಇದ್ದರೆ ಮೇಲಿನ ಅರ್ಧ ಮರೆತುಬಿಡಿ

ಮ್ಯಾಟ್ ಅಂದರೆ ಬೇಕಂತಲೇ ತರಿತರಿಯಾಗಿ ಮಾಡಿದ ಕ್ಲಿಯರ್ ಕೋಟ್. ಅದನ್ನು ಪಾಲಿಶ್ ಮಾಡಿದರೆ ತರಿ ಸವೆದು ಆ ಜಾಗ ಮಾತ್ರ ಹೊಳೆಯುತ್ತದೆ, ಮತ್ತೆ ಮ್ಯಾಟ್ ಆಗಲ್ಲ. ಟ್ಯಾಂಕ್‌ನ ಎರಡೂ ಪಕ್ಕ ಮೊಣಕಾಲು ತಾಗುವಲ್ಲಿ ಹೊಳಪು ಬಂದಿದೆಯಾ? ಜೀನ್ಸ್ ಮಾಡಿದ ಪಾಲಿಶ್ ಅದು. ಸರಿ ಮಾಡಲು ಮತ್ತೆ ಪೇಂಟ್ ಒಂದೇ ದಾರಿ, ಇನ್ನೂ ಆಗಿಲ್ಲದಿದ್ದರೆ ರಬ್ಬರ್ ಪ್ಯಾಡ್ ಅಂಟಿಸಿ. ಮ್ಯಾಟ್ ಮೇಲಿನ ಎಣ್ಣೆ ಕಲೆ ಮಾತ್ರ ಬೇರೆ, ಅದೂ ಹೊಳೆಯುತ್ತದೆ, ಆದರೆ ಶಾಂಪೂಗೆ ಹೋಗುತ್ತದೆ. ಹಾಗಾಗಿ ಪೇಂಟರ್ ಹತ್ತಿರ ಹೋಗುವ ಮುಂಚೆ ಎರಡು ಸಲ ತೊಳೆದು ನೋಡಿ.

ಪ್ಲಾಸ್ಟಿಕ್, ಎಂಜಿನ್, ಸೈಲೆನ್ಸರ್

ಕಪ್ಪು ಪ್ಲಾಸ್ಟಿಕ್ ಬೂದಿ ಬಣ್ಣವಾಗಿದ್ದರೆ ಬಿಸಿಲು ಕಾರಣ. ಸಂದಿಗಳಲ್ಲಿ ಮಾತ್ರ ಬಿಳಿ ಇದ್ದರೆ ಒಣಗಿದ ವ್ಯಾಕ್ಸ್, ಹಳೇ ಟೂತ್‌ಬ್ರಶ್ ಮತ್ತು ಸೋಪು ನೀರು ಸಾಕು. ಬಿಸಿಲಿಗೆ ಮಾಸಿದ್ದಕ್ಕೆ ಟ್ರಿಮ್ ಡ್ರೆಸ್ಸಿಂಗ್ (ಪ್ಲಾಸ್ಟಿಕ್‌ಗೆ ಹಚ್ಚುವ ಲೇಪ) ಹಾಕಬಹುದು. ಕೊಬ್ಬರಿ ಎಣ್ಣೆ, ಡೀಸೆಲ್ ಹಚ್ಚಿದರೆ ಅವತ್ತು ಕಪ್ಪಾಗುತ್ತದೆ, ನಾಳೆ ಇಡೀ ನರಸಾಪುರ ರಸ್ತೆಯ ಧೂಳು ಅಲ್ಲೇ ಇರುತ್ತದೆ. ಡೀಸೆಲ್ ರಬ್ಬರ್‌ಗೂ ಒಳ್ಳೆಯದಲ್ಲ. ವಾಟರ್ ಸರ್ವಿಸ್‌ನಲ್ಲಿ ಕೊನೆಗೆ ಡೀಸೆಲ್ ಸ್ಪ್ರೇ ಮಾಡಲು ಬಂದರೆ ಬೇಡ ಅನ್ನಿ. ಅದು ಬ್ರೇಕ್ ಡಿಸ್ಕ್ ಮೇಲೆ ಬಿದ್ದರೆ ಅಂದದ ಪ್ರಶ್ನೆ ಮುಗಿದು ಆಸ್ಪತ್ರೆ ಪ್ರಶ್ನೆ ಶುರು.

ಕಪ್ಪು ಎಂಜಿನ್ ಕವರ್ ಮೇಲೆ ಪೇಂಟ್ ಉಬ್ಬಿದ್ದರೆ ಅದರ ಅಡಿಯ ಪುಡಿಯ ಬಣ್ಣ ನೋಡಿ. ಬಿಳಿ ಪುಡಿಯಾದರೆ ಅಲ್ಯೂಮಿನಿಯಂ ಕೆಡುತ್ತಿದೆ, ಕಂದು ಪುಡಿಯಾದರೆ ಕಬ್ಬಿಣದ ತುಕ್ಕು. ಎರಡೂ ಅಡಿಯ ದೋಷ. ಕೆರೆದು, ಪ್ರೈಮರ್ ಹಾಕಿ, ಬಣ್ಣ ಹೊಡೆಯಬೇಕು, ಮೇಲೆ ಪಾಲಿಶ್ ಹಚ್ಚಿ ಉಪಯೋಗವಿಲ್ಲ. ಸೈಲೆನ್ಸರ್‌ಗೆ ಶಾಖ ತಡೆಯುವ ಪೇಂಟ್ ಬೇರೆಯೇ ಸಿಗುತ್ತದೆ, ಮಾಮೂಲಿ ಸ್ಪ್ರೇ ಡಬ್ಬಿ ಅಲ್ಲಿ ಬೆಂದು ಉದುರುತ್ತದೆ. ಹಿಂದಿನ ಚಕ್ರದ ರಿಮ್ ಮೇಲೆ ಒಂದೇ ಪಕ್ಕ, ಚೈನ್ ಇರುವ ಕಡೆ, ಜಿಡ್ಡಿನ ಗೆರೆ ಇದ್ದರೆ ಚೈನ್‌ಗೆ ಎಣ್ಣೆ ಜಾಸ್ತಿಯಾಗಿದೆ. ಹಾಕಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಹೆಚ್ಚಾದದ್ದನ್ನು ಒರೆಸಿ ತೆಗೆದುಬಿಡಿ. ಒರೆಸುವಾಗ ಎಂಜಿನ್ ಆಫ್ ಇರಲಿ, ಓಡುವ ಚೈನ್‌ಗೆ ಬಟ್ಟೆ ಕೊಟ್ಟು ಬೆರಳು ಕಳಕೊಂಡವರಿದ್ದಾರೆ.

ತೊಳೆದ ಮೇಲೆ ಸ್ಟಾರ್ಟ್ ಆಗದಿದ್ದರೆ

ಇದು ಹೊಳಪಿನ ಮಾತಲ್ಲ, ಆದರೆ ಗಾಡಿ ಕ್ಲೀನ್ ಇಡುವವರಿಗೇ ಹೆಚ್ಚಾಗಿ ಬರುವ ತೊಂದರೆ. ಪ್ರೆಶರ್ ನೀರು ಪ್ಲಗ್ ಸುತ್ತಲಿನ ಗುಂಡಿಯಲ್ಲಿ ನಿಂತಿರುತ್ತದೆ. ಬಹಳ ಗಾಡಿಗಳಲ್ಲಿ ಆ ನೀರು ಹೋಗಲು ಸಣ್ಣ ತೂತು ಇರುತ್ತದೆ, ಅದಕ್ಕೆ ಮಣ್ಣು ಕಟ್ಟಿರುತ್ತದೆ. ಪ್ಲಗ್ ಕ್ಯಾಪ್ ಎಳೆದು ಒಳಗೆ ಒರೆಸಿ, ತೂತನ್ನು ತಂತಿಯಿಂದ ಬಿಡಿಸಿ. ಸೆಲ್ಫ್ ಸದ್ದೇ ಮಾಡದಿದ್ದರೆ ಮೊದಲು ಕಿಲ್ ಸ್ವಿಚ್ ನೋಡಿ, ಬಟ್ಟೆ ತಾಗಿ ಆಫ್ ಆಗಿರುತ್ತದೆ. ಆಮೇಲೆ ಸೈಡ್ ಸ್ಟ್ಯಾಂಡ್ ಸ್ವಿಚ್, ಕ್ಲಚ್ ಸ್ವಿಚ್. ಸ್ಟಾರ್ಟ್ ಆಗಿ ಎಳೆಯದೆ ಕೆಮ್ಮುತ್ತಿದ್ದರೆ ಏರ್ ಫಿಲ್ಟರ್ ಒದ್ದೆಯಾಗಿರಬಹುದು, ಬಿಚ್ಚಿ ನೋಡಿ, ಹಾಗೇ ಓಡಿಸಬೇಡಿ. ಬ್ರೇಕ್ ಹಿಡಿಯದ ಹಾಗೆ ಅನಿಸಿದರೆ ಖಾಲಿ ಜಾಗದಲ್ಲಿ ಮೆಲ್ಲಗೆ ಓಡಿಸಿ ಎರಡು ಮೂರು ಸಲ ಒತ್ತಿ, ಡಿಸ್ಕ್ ಒಣಗುತ್ತದೆ. ಒಣಗಿದ ಮೇಲೂ ಹಿಡಿಯದಿದ್ದರೆ ಅದು ನೀರಲ್ಲ, ಪಾಲಿಶ್ ಅಥವಾ ಡೀಸೆಲ್. ಪ್ಯಾಡ್ ಬಿಚ್ಚಿಸಿ ನೋಡುವವರೆಗೆ ಆ ಗಾಡಿಯಲ್ಲಿ ಹೆದ್ದಾರಿಗೆ ಹೋಗಬೇಡಿ.